ಎಳೆಸಿಕೊಳ್ಳುವ ಕಾರಿನ ಹೊಟ್ಟೆಯೊಳಗೆ

ಗೋಕರ್ಣದ ರಥಬೀದಿಯೊಳಕ್ಕೆ ಮೋಟಾರ್‌ಹೋಮ್ ಹೋಗುವುದಿಲ್ಲ. ಅಡುಗೆಮನೆ, ಹಾಸಿಗೆ, ಶೌಚಾಲಯ, ನೀರಿನ ಟ್ಯಾಂಕು ಎಲ್ಲವನ್ನೂ ಹೊತ್ತ ಆರೇಳು ಮೀಟರ್ ಉದ್ದದ ಗಾಡಿ ಭಟ್ಕಳದಿಂದ ಕುಮಟಾದವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹಾಯಾಗಿ ಓಡೀತು. ಹೆದ್ದಾರಿ ಬಿಟ್ಟು ಇಡಗುಂಜಿಗೋ ಅಪ್ಸರಕೊಂಡಕ್ಕೋ ಯಾಣಕ್ಕೋ ತಿರುಗಿದರೆ ಎದುರಿಗೆ ಬಂದ ಒಂದು ಬಸ್ಸಿಗೆ ದಾರಿ ಬಿಡಲು ಹೆಣಗಬೇಕು. ಅಮೆರಿಕದಲ್ಲಿ ಇದೇ ತೊಂದರೆಗೆ ಹಳೆಯದೊಂದು ಉಪಾಯವಿದೆ: ಮೋಟಾರ್‌ಹೋಮಿನ ಹಿಂದೆ ಚಿಕ್ಕ ಕಾರೊಂದನ್ನು ಕಟ್ಟಿ ಎಳೆದುಕೊಂಡು ಹೋಗುವುದು, ದೊಡ್ಡ ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ ಊರೊಳಗೆ ಕಾರಿನಲ್ಲಿ ಓಡಾಡುವುದು. ಹಾಗೆ ಎಳೆಸಿಕೊಳ್ಳುವ ಕಾರಿಗೆ ಅಲ್ಲಿಯವರು ‘ಡಿಂಗಿ’ ಎನ್ನುವುದೂ ಉಂಟು. ದೊಡ್ಡ ಹಡಗಿನ ಹಿಂದೆ ಹಗ್ಗಕ್ಕೆ ಕಟ್ಟಿದ ಪುಟ್ಟ ದೋಣಿ ಎಂದು ಅದರ ಅರ್ಥ. ಆ ಪದ ಇಂಗ್ಲಿಷಿಗೆ ಹೋದದ್ದು ನಮ್ಮ ಉಪಖಂಡದಿಂದಲೇ. ಹೆಸರು ಚೆನ್ನಾಗಿದೆ, ಹೋಲಿಕೆ ಮಾತ್ರ ದಾರಿ ತಪ್ಪಿಸುತ್ತದೆ. ದೋಣಿ ನೀರಿನ ಮೇಲೆ ತೇಲುತ್ತ ಸುಮ್ಮನೆ ಹಿಂದೆ ಬರುತ್ತದೆ, ಅದರ ಒಳಗೆ ತಿರುಗುವುದೇನೂ ಇಲ್ಲ. ಕಾರಿನಲ್ಲಿ ಹಾಗಲ್ಲ. ರಸ್ತೆ ಚಕ್ರವನ್ನು ತಿರುಗಿಸುತ್ತದೆ, ಚಕ್ರ ಆಕ್ಸಲನ್ನು, ಆಕ್ಸಲ್ ಗೇರ್‌ಬಾಕ್ಸಿನ ಒಂದಷ್ಟು ಭಾಗವನ್ನು. ಎಂಜಿನ್ ಮಲಗಿರುವಾಗಲೇ ಯಂತ್ರ ಬಾಲದ ಕಡೆಯಿಂದ ತಿರುಗತೊಡಗುತ್ತದೆ. ಆದ್ದರಿಂದ ಯಾವ ಕಾರನ್ನು ಎಳೆಯಬಹುದು ಎಂದು ತಿಳಿಯಲು ಎಳೆಯುವ ಗಾಡಿಯ ಅಶ್ವಶಕ್ತಿಯನ್ನು ಎಷ್ಟು ವಿಚಾರಿಸಿದರೂ ಪ್ರಯೋಜನ ಕಡಿಮೆ. ಎಳೆಸಿಕೊಳ್ಳುವ ಕಾರಿನ ಆಯಿಲ್ ಎಲ್ಲಿಗೆ ಹೋಗುತ್ತದೆ, ಇಳಿಜಾರಿನಲ್ಲಿ ಇಬ್ಬರ ಶಾಖವನ್ನೂ ಯಾರ ಬ್ರೇಕು ನುಂಗುತ್ತದೆ ಎಂದು ಕೇಳಬೇಕು. ಈ ಕರಾವಳಿಯ ಮಟ್ಟಿಗೆ ಎರಡಕ್ಕೂ ಸಿಗುವ ಉತ್ತರ ಕಾರು ಕಟ್ಟಿಕೊಳ್ಳುವವರ ಪರವಾಗಿಲ್ಲ.

ಆಯಿಲ್‌ನಿಂದ ಶುರುಮಾಡೋಣ. ಸಾಮಾನ್ಯ ಮ್ಯಾನುಯಲ್ ಗೇರ್‌ಬಾಕ್ಸಿನಲ್ಲಿ ಪಂಪ್ ಇರುವುದಿಲ್ಲ. ಪೆಟ್ಟಿಗೆಯ ತಳದಲ್ಲಿ ಆಯಿಲ್ ನಿಂತಿರುತ್ತದೆ, ಅದರಲ್ಲಿ ಅರ್ಧ ಮುಳುಗಿದ ಹಲ್ಲುಚಕ್ರ ತಿರುಗುವಾಗ ಎರಚಾಡಿ ಮೇಲಿನ ಭಾಗಗಳನ್ನೆಲ್ಲ ತೋಯಿಸುತ್ತದೆ. ಮುಳುಗಿರುವ ಆ ಚಕ್ರ ಎಂಜಿನ್ನಿನಿಂದ ತಿರುಗುವಂಥದ್ದೋ ರಸ್ತೆಯ ಚಕ್ರದಿಂದ ತಿರುಗುವಂಥದ್ದೋ ಎಂಬುದರಲ್ಲಿ ಎಲ್ಲವೂ ಅಡಗಿದೆ. ಇಂದು ನಮ್ಮ ರಸ್ತೆಗಳಲ್ಲಿರುವ ಹೆಚ್ಚಿನ ಚಿಕ್ಕ ಕಾರುಗಳು ಮುಂಚಕ್ರ ಚಾಲನೆಯವು. ಅವುಗಳಲ್ಲಿ ಗೇರ್‌ಬಾಕ್ಸೂ ಡಿಫರೆನ್ಷಿಯಲ್ಲೂ ಒಂದೇ ಪೆಟ್ಟಿಗೆಯಲ್ಲಿವೆ, ಡಿಫರೆನ್ಷಿಯಲ್ಲಿನ ದೊಡ್ಡ ಚಕ್ರ ಆಯಿಲ್‌ನಲ್ಲಿ ಮುಳುಗಿರುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಎಳೆದರೆ ಎಂಜಿನ್ ನಿಂತಿದ್ದರೂ ಈ ಚಕ್ರ ತಿರುಗುತ್ತಲೇ ಇರುತ್ತದೆ, ಆಯಿಲ್ ಚಿಮ್ಮುತ್ತಲೇ ಇರುತ್ತದೆ. ಮ್ಯಾನುಯಲ್ ಗೇರಿನ ಸಣ್ಣ ಕಾರನ್ನು ನಾಲ್ಕೂ ಚಕ್ರ ನೆಲದಲ್ಲಿಟ್ಟು ಎಳೆಯುವುದು ಬಹುಪಾಲು ಸಲ ಅಪಾಯವಿಲ್ಲದೆ ಮುಗಿಯುವುದು ಇದರಿಂದಲೇ.

ಅದೇ ಗೇರ್ ಲಿವರ್, ಅದೇ ನ್ಯೂಟ್ರಲ್, ಆದರೆ ಹಿಂಚಕ್ರ ಚಾಲನೆಯ ಗಾಡಿಯಲ್ಲಿ ಕಥೆ ತಿರುಗುಮುರುಗು. ಹಳೆಯ ಓಮ್ನಿ, ಬೊಲೆರೊ, ಸುಮೊಗಳಂಥ ಗಾಡಿಗಳಲ್ಲಿ ಗೇರ್‌ಬಾಕ್ಸ್ ಉದ್ದಕ್ಕೆ ಮಲಗಿರುತ್ತದೆ. ಆಯಿಲ್ ಎರಚುವ ಕೆಲಸ ತಳದಲ್ಲಿರುವ ಲೇಶಾಫ್ಟಿನದು, ಅದನ್ನು ತಿರುಗಿಸುವುದು ಕ್ಲಚ್ಚಿನ ಮೂಲಕ ಬರುವ ಎಂಜಿನ್ ಶಕ್ತಿ. ನ್ಯೂಟ್ರಲ್‌ನಲ್ಲಿಟ್ಟು ಎಳೆದಾಗ ಹಿಂಚಕ್ರ ಪ್ರೊಪೆಲ್ಲರ್ ಶಾಫ್ಟನ್ನು ತಿರುಗಿಸುತ್ತದೆ, ಅದು ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟನ್ನು ತಿರುಗಿಸುತ್ತದೆ, ಆದರೆ ಲೇಶಾಫ್ಟ್ ನಿಂತೇ ಇರುತ್ತದೆ. ನಿಂತ ಗೇರುಗಳ ಒಳಗೆ ಶಾಫ್ಟ್ ಒಣಗಿನಲ್ಲಿ ತಿರುಗುತ್ತದೆ. ಹೊರಗೆ ಕೂತವನಿಗೆ ಇದರ ಸುಳಿವೇ ಸಿಗುವುದಿಲ್ಲ. ಗ್ಯಾರೇಜಿನವರು ಕೆಟ್ಟ ಲಾರಿಯನ್ನು ದೂರ ಎಳೆಯುವ ಮುನ್ನ ಅಡಿಗೆ ತೂರಿ ಪ್ರೊಪೆಲ್ಲರ್ ಶಾಫ್ಟನ್ನೋ ಆಕ್ಸಲ್ ಶಾಫ್ಟನ್ನೋ ಬಿಚ್ಚಿಹಾಕುವುದು ಸುಮ್ಮನೆ ಅಲ್ಲ. ರಸ್ತೆಗೂ ಗೇರ್‌ಬಾಕ್ಸಿಗೂ ನಡುವಿನ ನಂಟು ಕಡಿದರೆ ಹಾನಿಯ ದಾರಿಯೇ ಕಡಿಯಿತು. ಪುಸ್ತಕ ಓದದೆ ಕೈಯಿಂದಲೇ ಕಲಿತ ಈ ವಿದ್ಯೆ ಯಾವ ಎಂಜಿನಿಯರಿಂಗ್ ತರಗತಿಯ ಪಾಠಕ್ಕೂ ಕಡಿಮೆಯದಲ್ಲ.

ಅಮೆರಿಕದವರು ಎಳೆಯಲು ಬಹಳ ಮೆಚ್ಚಿದ ಒಂದು ಗಾಡಿ ನಮಗೂ ಪರಿಚಿತವೇ. 1985ರಲ್ಲಿ ಮಾರುತಿ ತಂದ ಜಿಪ್ಸಿಯ ಬಳಗದ್ದೇ ಆದ ಸುಜುಕಿ ಸಮುರಾಯ್ ಅಲ್ಲಿ ಮೋಟಾರ್‌ಹೋಮುಗಳ ಬಾಲಕ್ಕೆ ಅಂಟಿಕೊಂಡು ಸಾವಿರಾರು ಕಿಲೋಮೀಟರ್ ಸುತ್ತಿದೆ. ಹಗುರ, ಗಿಡ್ಡ ಎಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು ಅದರ ಎರಡನೇ ಲಿವರ್. ನಾಲ್ಕು ಚಕ್ರಗಳಿಗೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಅಲ್ಲಿ ತನ್ನದೇ ಒಂದು ನ್ಯೂಟ್ರಲ್ ಇದೆ. ಅದನ್ನು ಹಾಕಿದರೆ ಚಕ್ರಗಳು ಎಷ್ಟು ತಿರುಗಿದರೂ ಮುಖ್ಯ ಗೇರ್‌ಬಾಕ್ಸ್ ಅಲುಗುವುದಿಲ್ಲ. ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಮಾಡುವ ಕೆಲಸವನ್ನು ಇಲ್ಲಿ ಲಿವರ್ ಮಾಡುತ್ತದೆ. ಆದರೂ ಟ್ರಾನ್ಸ್‌ಫರ್ ಕೇಸಿನ ಒಳಗೇ ಕೆಲವು ಭಾಗ ತಿರುಗುತ್ತಿರುವುದರಿಂದ ಇಂಥ ಗಾಡಿಗಳನ್ನು ದೂರ ಎಳೆಯುವಾಗ ನಡುನಡುವೆ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ, ಆಯಿಲ್ ಒಮ್ಮೆ ಸುತ್ತಿಬರುವಂತೆ ಮಾಡಬೇಕಾಗುತ್ತದೆ.

ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಎರಚಾಟದ ಭಾಗ್ಯವಿಲ್ಲ. ಅಲ್ಲಿ ಆಯಿಲ್ ಒತ್ತಡದಲ್ಲಿ ಹರಿಯಬೇಕು, ಒತ್ತಡ ಕೊಡುವ ಪಂಪನ್ನು ಎಂಜಿನ್ ತಿರುಗಿಸುತ್ತದೆ. ಎಂಜಿನ್ ನಿಂತರೆ ಪಂಪ್ ನಿಂತಿತು, ಪಂಪ್ ನಿಂತರೆ ಒಳಗಿನ ಕ್ಲಚ್ ಬಿಲ್ಲೆಗಳೂ ಬೇರಿಂಗುಗಳೂ ಒಣಗಿದವು. 1960ರ ದಶಕದವರೆಗೆ ಅಮೆರಿಕದ ಕೆಲವು ಆಟೋಮ್ಯಾಟಿಕ್‌ಗಳಲ್ಲಿ ಚಕ್ರದ ಕಡೆಯಿಂದಲೂ ತಿರುಗುವ ಎರಡನೇ ಪಂಪ್ ಇರುತ್ತಿತ್ತು. ಆ ಕಾರುಗಳನ್ನು ತಳ್ಳಿ ಚಾಲೂ ಮಾಡಲೂ ಬರುತ್ತಿತ್ತು. ಖರ್ಚು ಉಳಿಸಲು ಅದನ್ನು ಕೈಬಿಟ್ಟರು, ಅದರೊಂದಿಗೆ ಒಂದು ಅನುಕೂಲವೂ ಹೋಯಿತು. ಬ್ರ್ಯಾಂಡಿನ ಹೆಸರು ಇಲ್ಲಿ ಏನನ್ನೂ ಖಾತ್ರಿಪಡಿಸದು ಎಂಬುದಕ್ಕೆ ಹೋಂಡಾ ಸಿಆರ್‌-ವಿ ಒಳ್ಳೆಯ ಸಾಕ್ಷಿ. 2014ರ ಮಾದರಿಯವರೆಗೆ ಅದರ ಆಟೋಮ್ಯಾಟಿಕ್ ಕಾರನ್ನು ಒಂದು ಕ್ರಮ ಅನುಸರಿಸಿ ನಾಲ್ಕೂ ಚಕ್ರದ ಮೇಲೆ ಎಳೆಯಬಹುದಿತ್ತು. 2015ರಲ್ಲಿ ಒಳಗೆ ಸಿವಿಟಿ ಎಂಬ ಬೇರೆ ಬಗೆಯ ಆಟೋಮ್ಯಾಟಿಕ್ ಬಂದ ಮೇಲೆ ಅದೇ ಹೆಸರಿನ ಕಾರನ್ನು ಎಳೆಯುವಂತಿಲ್ಲ. ಸಿವಿಟಿಯಲ್ಲಿ ಉಕ್ಕಿನ ಪಟ್ಟಿಯನ್ನು ಎರಡು ರಾಟೆಗಳು ಆಯಿಲ್ ಒತ್ತಡದಿಂದ ಅವಚಿ ಹಿಡಿದಿರುತ್ತವೆ. ಒತ್ತಡವಿಲ್ಲದೆ ತಿರುಗಿಸಿದರೆ ಪಟ್ಟಿ ಜಾರಿ ರಾಟೆಯ ನುಣುಪು ಮೈಯನ್ನು ಗೀರುತ್ತದೆ. ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಎಎಂಟಿ ಮಾತ್ರ ಒಳಗೆ ಮ್ಯಾನುಯಲ್ಲೇ, ಗೇರ್ ಬದಲಿಸುವ ಕೈ ಮಾತ್ರ ಯಂತ್ರದ್ದು. ಬ್ಯಾಟರಿ ಸತ್ತಾಗ ಆ ಕೈ ಯಾವುದಾದರೊಂದು ಗೇರನ್ನು ಹಿಡಿದುಕೊಂಡೇ ಇರಬಹುದು, ಆಗ ನ್ಯೂಟ್ರಲ್ ಎಂಬುದೇ ಸಿಗುವುದಿಲ್ಲ. ವಿದ್ಯುತ್ ಕಾರಿನಲ್ಲಿ ಗೇರ್‌ಬಾಕ್ಸಿನ ಚಿಂತೆ ಕಡಿಮೆ, ಮೋಟಾರಿನದು ಹೆಚ್ಚು. ಚಕ್ರಕ್ಕೂ ಮೋಟಾರಿಗೂ ಸಾಮಾನ್ಯವಾಗಿ ಬಿಡಿಸಲಾಗದ ಜೋಡಣೆ, ಮೋಟಾರಿನೊಳಗೆ ಶಾಶ್ವತ ಅಯಸ್ಕಾಂತ. ತಿರುಗಿಸಿದರೆ ಅದು ಜನರೇಟರ್ ಆಗುತ್ತದೆ, ವೇಗ ಏರಿದಂತೆ ವೋಲ್ಟೇಜೂ ಏರುತ್ತದೆ. ಸ್ವಿಚ್ ಆಫ್ ಮಾಡಿದ್ದೇನೆ ಎಂಬ ಸಮಾಧಾನ ಅಯಸ್ಕಾಂತಕ್ಕೆ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಭಯಪಡಿಸುವುದು ಯಾಕೆ, ಹಗ್ಗ ಕಟ್ಟಿ ಕಾರು ಎಳೆಯುವುದನ್ನು ಊರೂರಲ್ಲಿ ನೋಡುತ್ತಿಲ್ಲವೇ ಎಂದು ಕೇಳಬಹುದು. ನೋಡುತ್ತಿದ್ದೇವೆ, ಆದರೆ ಅದು ಹತ್ತಿರದ ಗ್ಯಾರೇಜಿನವರೆಗೆ, ನಿಧಾನವಾಗಿ. ಒಣ ಬೇರಿಂಗಿನ ಹಾನಿ ವಿಷದ ಹಾಗೆ, ಪ್ರಮಾಣದ ಮೇಲೆ ನಿಂತಿದೆ. ಮೈಗೆ ಅಂಟಿದ ಆಯಿಲ್‌ನ ತೆಳು ಪದರ ಸ್ವಲ್ಪ ಹೊತ್ತು ಕಾಪಾಡುತ್ತದೆ, ಆಮೇಲೆ ಬಿಸಿ ಏರುತ್ತದೆ, ಪದರ ಹರಿಯುತ್ತದೆ, ಲೋಹ ಲೋಹವನ್ನು ಮುಟ್ಟುತ್ತದೆ. ಅನೇಕ ಕಾರುಗಳ ಕೈಪಿಡಿಗಳು ವೇಗಕ್ಕೂ ದೂರಕ್ಕೂ ಬೇರೆ ಬೇರೆ ಮಿತಿ ಹಾಕುವುದು ಇದೇ ಲೆಕ್ಕದಲ್ಲಿ. ನಮ್ಮ ಕಾನೂನಿನ ಬುಡದಲ್ಲೂ ಇದೇ ವಿವೇಕ ಕಾಣುತ್ತದೆ. 1989ರ ರಸ್ತೆ ನಿಯಮಗಳ ಪ್ರಕಾರ ಇನ್ನೊಂದು ವಾಹನದಿಂದ ಎಳೆಸಬಹುದಾಗಿದ್ದದ್ದು ಕೆಟ್ಟು ನಿಂತ ಗಾಡಿ, ಪೂರ್ತಿ ಜೋಡಿಸದ ಗಾಡಿ, ನೋಂದಾಯಿತ ಟ್ರೇಲರ್ ಅಥವಾ ಸೈಡ್‌ಕಾರ್ ಮಾತ್ರ. ಮುಂಚಕ್ರಗಳನ್ನು ಎತ್ತಿ ಹಿಡಿಯದಿದ್ದರೆ ಹಿಂದಿನ ಗಾಡಿಯ ಸ್ಟಿಯರಿಂಗ್ ಹಿಡಿದು ಚಾಲಕ ಕೂತಿರಲೇಬೇಕಿತ್ತು. ಎರಡರ ನಡುವೆ ಐದು ಮೀಟರಿಗಿಂತ ಹೆಚ್ಚು ಅಂತರ ಇರಬಾರದಿತ್ತು, ವೇಗ ಗಂಟೆಗೆ 24 ಕಿಲೋಮೀಟರ್ ಮೀರಬಾರದಿತ್ತು. ಅವುಗಳ ಜಾಗಕ್ಕೆ ಬಂದ 2017ರ ಚಾಲನಾ ನಿಯಮಾವಳಿಯೂ ಅದೇ ಜಾಡಿನದು. ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್. 24ರ ವೇಗದಲ್ಲಿ ಎರಡೂವರೆ ಗಂಟೆ. ಚೆನ್ನಾಗಿ ಓಡುವ ಕಾರನ್ನು ಮೋಜಿಗಾಗಿ ಕಟ್ಟಿಕೊಂಡು ಹೋಗುವ ಅಮೆರಿಕದ ಪದ್ಧತಿಗೆ ಇಲ್ಲಿ ಜಾಗವೇ ಇಲ್ಲ. ಕಾರು ಬೇಕೇ ಬೇಕೆಂದರೆ ಅದನ್ನು ನೋಂದಾಯಿತ ಟ್ರೇಲರಿನ ಮೇಲೆ ಹೊರಿಸಿಕೊಂಡು ಹೋಗಬೇಕು.

ಟ್ರೇಲರಿಗೆ ಹೋಗುವ ಮುನ್ನ ಒಂದು ಸಣ್ಣ ಚೋದ್ಯ. ಹಿಂದಿನ ಕಾರಿನಲ್ಲಿ ಚಾಲಕನಿಲ್ಲದಿದ್ದರೂ ಅಮೆರಿಕದಲ್ಲಿ ಅದು ತಿರುವಿನಲ್ಲಿ ತಾನೇ ತಿರುಗುತ್ತದಲ್ಲ, ಹೇಗೆ? ಮುಂಚಕ್ರ ತಿರುಗುವ ಅಕ್ಷರೇಖೆ ತುಸು ಹಿಂದಕ್ಕೆ ವಾಲಿರುತ್ತದೆ, ಅದರಿಂದ ಚಕ್ರ ನೆಲ ಮುಟ್ಟುವ ಬಿಂದು ಆ ರೇಖೆಗಿಂತ ಹಿಂದಿರುತ್ತದೆ. ಎಳೆದ ದಿಕ್ಕಿಗೆ ಚಕ್ರ ತಾನೇ ನೇರವಾಗುತ್ತದೆ, ಆಸ್ಪತ್ರೆಯ ಸ್ಟ್ರೆಚರಿನ ಪುಟ್ಟ ಚಕ್ರ ನೂಕಿದ ಕಡೆಗೆ ತಿರುಗಿಕೊಳ್ಳುವ ಹಾಗೆ. ಅದೇ ಗುಣ ಹಿಂದಕ್ಕೆ ಸರಿಸುವಾಗ ಶತ್ರು. ದಿಕ್ಕು ಬದಲಾದೊಡನೆ ಚಕ್ರ ಪೂರ್ತಿ ತಿರುಗಿಕೊಳ್ಳಲು ಯತ್ನಿಸುತ್ತದೆ, ಎರಡೂ ಗಾಡಿಗಳನ್ನು ಜೋಡಿಸುವ ಟೋ ಬಾರ್ ಬಾಗುತ್ತದೆ. ಹಾಗಾಗಿ ಕಾರು ಕಟ್ಟಿದ ಮೋಟಾರ್‌ಹೋಮನ್ನು ರಿವರ್ಸ್ ತೆಗೆಯಲಾಗದು. ಕುಮಟಾದಿಂದ ಶಿರಸಿಗೆ ಹತ್ತುವ ದೇವಿಮನೆ ಘಟ್ಟದಲ್ಲೋ ಭಟ್ಕಳದಿಂದ ಕೋಗಾರದ ಕಡೆಗೆ ಹೋಗುವ ದಾರಿಯಲ್ಲೋ ತಿರುವಿನಲ್ಲಿ ಎದುರುಬದುರು ಸಿಕ್ಕಿದಾಗ ಯಾರಾದರೊಬ್ಬರು ಹಿಂದಕ್ಕೆ ಸರಿಯಲೇಬೇಕು. ಈ ಮರ್ಯಾದೆಯನ್ನು ನಡೆಸಲಾಗದ ಗಾಡಿ ಘಟ್ಟ ಹತ್ತಬಾರದು.

ಘಟ್ಟ ಹತ್ತುವುದು ಎಂಜಿನ್ನಿನ ಪರೀಕ್ಷೆ, ಇಳಿಯುವುದು ಬ್ರೇಕಿನದು. ಪ್ರಯಾಣಿಕರು ಮೊದಲನೆಯದನ್ನೇ ಚರ್ಚಿಸುತ್ತಾರೆ, ಯಾಕೆಂದರೆ ಏರಿನಲ್ಲಿ ಸೋತ ಗಾಡಿ ಗಲಾಟೆ ಮಾಡುತ್ತದೆ, ಇಳಿಜಾರಿನಲ್ಲಿ ಸೋಲುವ ಬ್ರೇಕು ಕೊನೆಯವರೆಗೂ ಸುಮ್ಮನಿರುತ್ತದೆ. ಲೆಕ್ಕ ಹಾಕಿ ನೋಡಿ. 3,500 ಕೆಜಿಯ ಮೋಟಾರ್‌ಹೋಮ್ 500 ಮೀಟರ್ ಎತ್ತರದಿಂದ ಸಮುದ್ರಮಟ್ಟಕ್ಕೆ ಇಳಿಯಿತು ಎನ್ನೋಣ. ಕಳೆಯಬೇಕಾದ ಶಕ್ತಿ ಸುಮಾರು 1.7 ಕೋಟಿ ಜೂಲ್. 30 ಡಿಗ್ರಿಯ 58 ಲೀಟರ್ ನೀರನ್ನು ಕುದಿತಕ್ಕೆ ತರಲು ಅಷ್ಟು ಸಾಕು, ಬಚ್ಚಲ ಹಂಡೆಯ ತುಂಬ ನೀರು. 1,000 ಕೆಜಿಯ ಕಾರೊಂದನ್ನು ಸೇರಿಸಿದರೆ ಇನ್ನೂ 17 ಲೀಟರ್. ಈ ಶಾಖವೆಲ್ಲ ಗಾಳಿಗೆ ಹೋಗದೆ ನಾಲ್ಕು ಚಕ್ರಗಳ ಬ್ರೇಕಿನಲ್ಲಿರುವ, ಒಟ್ಟು 40 ಕೆಜಿ ಎಂದಿಟ್ಟುಕೊಳ್ಳುವ ಕಬ್ಬಿಣದಲ್ಲೇ ಉಳಿದರೆ ಅದರ ಉಷ್ಣತೆ ಕಾರಿಲ್ಲದೆ 900 ಡಿಗ್ರಿಗೂ ಹೆಚ್ಚು ಏರುತ್ತದೆ. ಕಾರು ಸೇರಿದರೆ 1,200ರ ಹತ್ತಿರ, ಎರಕದ ಕಬ್ಬಿಣ ಕರಗುವ ಮಟ್ಟಕ್ಕೆ. ವಾಸ್ತವದಲ್ಲಿ ಹಾಗಾಗುವುದಿಲ್ಲ. ಗಾಳಿ ತಣಿಸುತ್ತದೆ, ಎರಡನೇ ಗೇರಿನಲ್ಲಿ ಎಂಜಿನ್ ತಡೆಯುತ್ತದೆ. ಆದರೆ ಎಂಜಿನ್ ತಡೆಯುವ ಶಕ್ತಿ ಅದರ ಗಾತ್ರಕ್ಕೆ ತಕ್ಕಷ್ಟೇ. ಹಿಂದೆ ಕಾರು ಕಟ್ಟಿದೆವೆಂದು ಅದು ಬೆಳೆಯುವುದಿಲ್ಲ, ಹೆಚ್ಚುವರಿ ಶಾಖವೆಲ್ಲ ಬ್ರೇಕಿನ ಪಾಲಿಗೆ ಬರುತ್ತದೆ.

ಇಲ್ಲಿ ಕರಾವಳಿಯ ಹವೆಯೂ ಕೈಜೋಡಿಸುತ್ತದೆ. ಬ್ರೇಕ್ ಆಯಿಲ್‌ಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಡಾಟ್ 3 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ತೇವ ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಒಳಗೆ ಆವಿಯ ಗುಳ್ಳೆ ಎದ್ದರೆ ಪೆಡಲ್ ಒತ್ತಿದಾಗ ಕುಗ್ಗುವುದು ಗುಳ್ಳೆ, ಬ್ರೇಕಿಗೆ ಒತ್ತಡ ತಲುಪುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲೂ ಉಳಿದ ತಿಂಗಳು ಸಮುದ್ರದ ತೇವದಲ್ಲೂ ಇರುವ ಹೊನ್ನಾವರದ ಗಾಡಿಗೆ ಬ್ರೇಕ್ ಆಯಿಲ್ ಬದಲಿಸುವ ಗಡುವು ಒಣ ಬಯಲುಸೀಮೆಯ ಗಾಡಿಗಿಂತ ಬೇಗ ಬರಬೇಕು. ಒದ್ದೆ ರಸ್ತೆಯಲ್ಲಿ ನಿಲ್ಲುವ ದೂರವನ್ನೂ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದ ಮೋಟಾರ್‌ಹೋಮ್ ಪ್ರತಿ ಸೆಕೆಂಡಿನಲ್ಲೂ ತನ್ನ ವೇಗವನ್ನು ಸೆಕೆಂಡಿಗೆ 3 ಮೀಟರಿನಷ್ಟು ತಗ್ಗಿಸಬಲ್ಲುದಾದರೆ 46 ಮೀಟರಿನಲ್ಲಿ ನಿಲ್ಲುತ್ತದೆ. ಬ್ರೇಕಿಲ್ಲದ 1,000 ಕೆಜಿ ಹಿಂದಿನಿಂದ ನೂಕುತ್ತಿದ್ದರೆ ಸುಮಾರು 60 ಮೀಟರ್ ಬೇಕು. ಹಿಂದಿನ ಕಾರಿಗೂ ಬ್ರೇಕ್ ಇದೆಯಲ್ಲ ಎಂದರೆ, ಅದರ ಎಂಜಿನ್ ಆಫ್ ಆಗಿರುವಾಗ ಬ್ರೇಕ್ ಬೂಸ್ಟರಿಗೆ ನಿರ್ವಾತ ಸಿಗುವುದಿಲ್ಲ, ಪೆಡಲ್ ಕಲ್ಲಾಗುತ್ತದೆ. ಹಗ್ಗದಲ್ಲಿ ಎಳೆಸಿಕೊಳ್ಳುವ ಕಾರಿನ ಚಾಲಕ ಬಲಗಾಲಿನ ಪೂರ್ತಿ ಬಲ ಹಾಕಬೇಕಾಗುವುದು ಇದಕ್ಕೇ.

ಟ್ರೇಲರಿನ ವಾದಿಗಳಿಗೆ ನ್ಯಾಯ ಸಲ್ಲಿಸಬೇಕು. ಕಾರನ್ನು ಟ್ರೇಲರಿಗೆ ಏರಿಸಿದೊಡನೆ ಈ ಅಧ್ಯಾಯದ ಮೊದಲರ್ಧ ಅನಗತ್ಯವಾಗುತ್ತದೆ: ಯಾವ ಚಕ್ರವೂ ತಿರುಗುವುದಿಲ್ಲ, ಯಾವ ಗೇರ್‌ಬಾಕ್ಸೂ ಒಣಗುವುದಿಲ್ಲ. ಟ್ರೇಲರಿಗೆ ತನ್ನದೇ ಬ್ರೇಕ್ ಇಡಲೂಬಹುದು. ಆದರೆ ಟ್ರೇಲರಿನ ಸ್ವಂತ ಭಾರ ಕಾರಿನ ಭಾರದ ಮೇಲೆ ಕೂಡುತ್ತದೆ, ಅದರ ಮೇಲೆ ಹೊರೆ ಹೂಡುವುದೂ ಒಂದು ವಿದ್ಯೆ. ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ವಿವರಿಸಬೇಕಿಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳು ಹಿಸುಕುತ್ತದೆ. ಮುಂಭಾರವಾದರೆ ನೊಗ ಹೆಗಲನ್ನು ಜಜ್ಜುತ್ತದೆ. ಟ್ರೇಲರಿಗೂ ಕೊಂಡಿಯ ಮೇಲೆ ಒಟ್ಟು ಭಾರದ ಹತ್ತನೇ ಒಂದು ಪಾಲಿನ ಆಸುಪಾಸು ಕೂರಬೇಕು. ಹಿಂಭಾರವಾದ ಟ್ರೇಲರ್ ಎತ್ತಿಗೆ ನೋವು ಕೊಡುವುದಿಲ್ಲ, ಅದು ವೇಗದಲ್ಲಿ ಬಾಲ ಬೀಸತೊಡಗುತ್ತದೆ. ಪ್ರತಿ ಬೀಸೂ ಹಿಂದಿನದಕ್ಕಿಂತ ದೊಡ್ಡದಾಗುತ್ತ ಎಳೆಯುವ ಗಾಡಿಯ ಹಿಂಭಾಗವನ್ನೇ ಪಕ್ಕಕ್ಕೆ ಒದೆಯುತ್ತದೆ. ಶರಾವತಿ ಸೇತುವೆಯ ಮೇಲಿನ ಅಡ್ಡಗಾಳಿಯಲ್ಲಿ ಇಂಥದ್ದನ್ನು ಯಾರೂ ಪರೀಕ್ಷಿಸಿ ನೋಡಬಾರದು. ಉಪ್ಪು ಗಾಳಿಯಲ್ಲಿ ಕೊಂಡಿ, ಬೋಲ್ಟು, ಹಿಂದೀಪದ ವೈರಿನ ಸಾಕೆಟ್ಟು ತುಕ್ಕು ಹಿಡಿಯುವುದು ಇನ್ನೊಂದು ಕಾಟ, ಗ್ರೀಸ್ ಹಚ್ಚುತ್ತಿದ್ದರೆ ಅದು ಸಂಭಾಳಿಸಬಹುದಾದದ್ದು.

ಗಾಡಿಯ ಮೇಲೆ ಗಾಡಿ ಹೊರಿಸುವ ಉಪಾಯಕ್ಕೆ ಅತಿ ಚೊಕ್ಕ ಉದಾಹರಣೆ ಈ ಕರಾವಳಿಯ ಊರುಗಳ ಪಕ್ಕದಲ್ಲೇ ಹಾದುಹೋಗುತ್ತದೆ. ಕೊಂಕಣ ರೈಲ್ವೆ 1999ರಲ್ಲಿ ಲಾರಿಗಳನ್ನು ಸರಕಿನ ಸಮೇತ ರೈಲಿಗೇರಿಸುವ ರೋರೋ ಸೇವೆ ಆರಂಭಿಸಿತು. ಮುಂದೆ ಅದು ಸುರತ್ಕಲ್‌ವರೆಗೆ ಬಂತು. ಮಹಾರಾಷ್ಟ್ರದ ಕೋಲಾಡಿಗೂ ಸುರತ್ಕಲ್ಲಿಗೂ ನಡುವೆ ಲಾರಿಗಳನ್ನು ಸಾಲಾಗಿ ಹೊತ್ತ ರೈಲು ಭಟ್ಕಳ, ಹೊನ್ನಾವರ, ಕುಮಟಾ ದಾಟುವಾಗ ಒಂದು ಲಾರಿಯ ಚಕ್ರವೂ ತಿರುಗುವುದಿಲ್ಲ. ಇಳಿಜಾರಿನ ಸಮಸ್ಯೆಯನ್ನೂ ಈ ಮಾರ್ಗ ಬಗೆಹರಿಸಿದೆ. ಸುರಂಗ ಕೊರೆದು, ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಕಟ್ಟಿ, 150 ಮೀಟರ್ ಹೋದರೆ ಒಂದು ಮೀಟರ್ ಏರುವಂಥ ಸೌಮ್ಯ ಇಳುಕಲನ್ನು ಮಿತಿಯಾಗಿ ಕಾಯ್ದುಕೊಂಡಿದೆ. 15 ಮೀಟರಿಗೆ ಒಂದು ಮೀಟರ್ ಏರುವ ಘಟ್ಟದ ರಸ್ತೆಯಲ್ಲಿ ಭಾರ ಕೆಳಕ್ಕೆ ಎಳೆಯುವ ಬಲ ಇದರ ಹತ್ತರಷ್ಟು. 2025ರ ಗಣೇಶ ಚತುರ್ಥಿಯ ಹೊತ್ತಿಗೆ ಕಾರುಗಳಿಗೂ ಇಂಥ ಸೇವೆ ಶುರುವಾಯಿತು, ಆದರೆ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ. ಉತ್ತರ ಕನ್ನಡದ ನಿಲ್ದಾಣದಲ್ಲಿ ಕಾರು ಇಳಿಸಿಕೊಳ್ಳುವಂತಾದರೆ ಹಿಂದೆ ಕಟ್ಟಿಕೊಳ್ಳುವ ಗೊಡವೆಯೇ ಇರದು.

ಅಲ್ಲಿಯವರೆಗೆ ನನ್ನ ಒಲವು ಕಾರಿನ ಕಡೆಗಿಲ್ಲ. ಗೋಕರ್ಣದ ಬೀದಿಗೂ ಕಾಸರಕೋಡಿನ ಕಡಲತೀರಕ್ಕೂ ಇಬ್ಬರು ಹೋಗಿಬರಲು 1,000 ಕೆಜಿ ಲೋಹ ಏಕೆ? 110 ಕೆಜಿಯ ಸ್ಕೂಟರೊಂದನ್ನು ಮೋಟಾರ್‌ಹೋಮಿನ ಹಿಂಬದಿಯ ಗಟ್ಟಿ ಚೌಕಟ್ಟಿನಲ್ಲಿ ನಿಲ್ಲಿಸಿದರೆ ಘಟ್ಟದ ಹಂಡೆಗೆ ಸೇರುವುದು 17 ಲೀಟರಲ್ಲ, ಎರಡು ಲೀಟರಿಗೂ ತುಸು ಕಡಿಮೆ. ಮಕ್ಕಳಿದ್ದರೆ, ಮಳೆ ಬಂದರೆ ಎಂಬ ಆಕ್ಷೇಪ ಸರಿಯೇ, ಅದಕ್ಕೆ ಹೆದ್ದಾರಿಯ ಬಾಯಲ್ಲಿ ನಿಂತ ಆಟೊ ಇದೆ. ಸ್ಕೂಟರೂ ಪೂರ್ತಿ ನಿರಪರಾಧಿಯಲ್ಲ. ಹಿಂದಿನ ಆಕ್ಸಲಿಗಿಂತ ಒಂದೂವರೆ ಮೀಟರ್ ಹಿಂದೆ ತೂಗುವ 110 ಕೆಜಿ ಸನ್ನೆಕೋಲಿನಂತೆ ಮುಂಭಾಗವನ್ನು ಎತ್ತುತ್ತದೆ. ಎರಡು ಆಕ್ಸಲುಗಳ ನಡುವೆ 3.3 ಮೀಟರ್ ಇದ್ದರೆ ಮುಂಚಕ್ರಗಳ ಮೇಲೆ ಸುಮಾರು 50 ಕೆಜಿ ಕಡಿಮೆಯಾಗುತ್ತದೆ, ಹಿಂಚಕ್ರಗಳ ಮೇಲೆ 160 ಕೆಜಿ ಹೆಚ್ಚುತ್ತದೆ. ನೀರಿನ ಟ್ಯಾಂಕೂ ಹಿಂದೆಯೇ ಇದ್ದರೆ ಸ್ಟಿಯರಿಂಗ್ ಇನ್ನಷ್ಟು ಹಗುರ. ಘಟ್ಟ ಹತ್ತುವ ಮುನ್ನ ದಾರಿಯಲ್ಲಿ ಸಿಗುವ ಯಾವುದಾದರೂ ವೇಬ್ರಿಡ್ಜಿನಲ್ಲಿ ಮೊದಲು ಮುಂಚಕ್ರಗಳನ್ನಷ್ಟೇ ತಟ್ಟೆಯ ಮೇಲೇರಿಸಿ ಒಂದು ಚೀಟಿ, ಆಮೇಲೆ ಇಡೀ ಗಾಡಿಯನ್ನು ಏರಿಸಿ ಇನ್ನೊಂದು ಚೀಟಿ ಪಡೆಯಬೇಕು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಹಿಂಚಕ್ರದ ಭಾರ ಬರುತ್ತದೆ. ಅದನ್ನು ಆ ಆಕ್ಸಲಿಗೆ ತಯಾರಕರು ಕೊಟ್ಟ ಮಿತಿಯೊಂದಿಗೆ ಹೋಲಿಸಿ, ಮೀರಿದ್ದರೆ ಟ್ಯಾಂಕಿನ ನೀರನ್ನು ಅಲ್ಲೇ ಚೆಲ್ಲಬೇಕು.